ನಾಲ್ಕನೆಯ ಗಡಗಡಿ

೧೯೩೮ರ ಬೇಸಿಗೆಯಲ್ಲಿ ನನ್ನನ್ನು ಶಿಗ್ಗಾಂವಿಯಿಂದ ಹಾನಗಲ್ಲಿಗೆ ವರ್ಗ ಮಾಡಿದರು. ಹುದ್ದೆ ಸ್ಯಾನಿಟರಿ ಇನ್ಸ್‌ಪೆಕ್ಟರನದು. ಬಾವಿಗಳಿಗೆ ಔಷಧ ಹಾಕಿಸುವುದು, ಕಾಲರಾ ಬಂದ ಊರಿಗೆ ಓಡುವುದು, ಬಾರದ ಊರಿಗೂ ಬಂದೀತೆಂದು ಹೆದರುವುದು ನನ್ನ ಕೆಲಸ. ಕೊನೆಯದನ್ನು ಸರಕಾರ ಹೇಳಿರಲಿಲ್ಲ. ಅದನ್ನು ನಾನೇ ಸಂಬಳವಿಲ್ಲದೆ ಮಾಡುತ್ತಿದ್ದೆ.

ಆ ಸೀಮೆಯಲ್ಲಿ ಆಗ ನಾರುಹುಣ್ಣಿನ ಕಾಟ. ಈಗಿನ ಓದುಗರಲ್ಲಿ ಅದನ್ನು ಕಾಣದವರೂ ಇರಬಹುದು, ಅವರ ಪುಣ್ಯ. ಕೆಟ್ಟ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವಿ ಇರುತ್ತದೆ. ಅದರ ಹೊಟ್ಟೆಯಲ್ಲಿ ನಾರುಹುಳುವಿನ ಮರಿ. ನೀರಿನೊಡನೆ ಅದು ನಮ್ಮ ಹೊಟ್ಟೆಗೆ ಹೋಗಿ, ಸುಮಾರು ಒಂದು ವರ್ಷ ಮೈಯೊಳಗೆ ಬೆಳೆದು, ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ, ದಾರದಂತೆ ಹೊರಗೆ ಇಣುಕುತ್ತದೆ. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಕೀವಾಗುತ್ತದೆ. ಆದ್ದರಿಂದ ಅದನ್ನು ಒಂದು ಕಡ್ಡಿಗೆ ದಿನಕ್ಕಿಷ್ಟರಂತೆ ಸುತ್ತುತ್ತ ಕೂಡಬೇಕು. ಉರಿ ತಾಳದೆ ರೋಗಿ ಆ ಕಾಲನ್ನು ನೀರಿನಲ್ಲಿ ಇಟ್ಟರೆ ಹುಳು ಅಲ್ಲಿಯೇ ಮರಿ ಚೆಲ್ಲುತ್ತದೆ. ಅದೇ ನೀರನ್ನು ಊರು ಕುಡಿಯುತ್ತದೆ. ಮೆಟ್ಟಿಲಿಳಿದು ನೀರು ತುಂಬುವ ಬಾವಿ, ಹೊಂಡಗಳೇ ಈ ರೋಗದ ತವರು. ನೀರಿಗೆ ಕಾಲು ತಾಗದಂತೆ ಮಾಡಿದರೆ ರೋಗ ನಿಲ್ಲುತ್ತದೆ.

ಇದನ್ನೆಲ್ಲ ಓದಿಕೊಂಡ ಮೇಲೆ ನಾನು ದಿನವೂ ಸ್ನಾನವಾದೊಡನೆ ಕಾಲು ಮುಂದೆ ಚಾಚಿ ಪರೀಕ್ಷೆ ಮಾಡಿಕೊಳ್ಳತೊಡಗಿದೆ. "ಹುಳಾ ನಿಮ್ಮ ಕಾಲಾಗ ಇಲ್ರಿ, ತಲ್ಯಾಗ ಐತಿ. ಅದನ್ನ ಕಡ್ಡಿಗೆ ಸುತ್ತಾಕ ಬರೂದಿಲ್ಲ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಆಡೂರಿನ ಕಡೆಗೆ ಹೋಗುವ ಹಾದಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ, ಅಂಥವು ಬಹಳ ಇದ್ದವು. ಅಲ್ಲಿಯ ನಾರುಹುಣ್ಣಿನ ರೋಗಿಗಳು ಬಹುಮಟ್ಟಿಗೆ ಹರಿಜನ ಕೇರಿಯವರು. ಕೇರಿಗೆ ಇದ್ದ ಒಂದೇ ನೀರು ಮೆಟ್ಟಿಲುಗಳ ಹೊಂಡದ್ದು. ಇವರ ಕಾಲುಗಳನ್ನು ತೋರಿಸಿಯೇ ಹಿಂದಿನ ಇನ್ಸ್‌ಪೆಕ್ಟರರು ಊರಿಗೆ ಒಂದು ಸೇದುವ ಬಾವಿ ಮಂಜೂರು ಮಾಡಿಸಿದ್ದರು. ನಾನು ಹೋಗುವಷ್ಟರಲ್ಲಿ ಬಾವಿ ಮುಗಿಯುತ್ತ ಬಂದಿತ್ತು. ಆದರೆ ಅದು ಇದ್ದದ್ದು ಊರ ನಡುವೆ, ಚಾವಡಿಯ ಮುಂದೆ. ಬಂಕಾಪುರದ ಗೌಂಡಿ ಹುಸೇನಸಾಬ ಎತ್ತರದ ಕಟ್ಟೆ ಕಟ್ಟಿ, ನಾಲ್ಕು ಕಡೆಗೆ ಹಗ್ಗ ಹಾಯಿಸುವ ನಾಲ್ಕು ಗಡಗಡಿ, ಎಂದರೆ ರಾಟೆ, ಕೂಡಿಸಿದ್ದ.

ಊರಿನ ಮುಖಂಡರು ಚನ್ನಬಸನಗೌಡರು. ಜಂಗಲ್ ಸತ್ಯಾಗ್ರಹದಲ್ಲಿ ಜೇಲಿಗೆ ಹೋಗಿ ಬಂದವರು. ಅದು ಸುಳ್ಳಲ್ಲ, ಮತ್ತು ನನ್ನ ಸಿಟ್ಟಿಗೆ ಅದೇ ದೊಡ್ಡ ಕಾರಣ. ಬರೀ ಠಕ್ಕರಾಗಿದ್ದರೆ ನಾನು ನಕ್ಕು ಬಿಡುತ್ತಿದ್ದೆ. ಬಾವಿಯ ಪ್ರಾರಂಭದ ದಿನ ಅವರು ತಾವು ನೂತ ನೂಲಿನ ಅಂಗಿ ತೊಟ್ಟು, ಒಬ್ಬ ತಾಯಿಯ ಮಕ್ಕಳ ಬಗ್ಗೆ ಕಣ್ಣೀರು ಬರುವಂತೆ ಮಾತನಾಡಿದರು. ಕೇರಿಯ ದ್ಯಾಮವ್ವ ಎಂಬ ಹೆಂಗಸಿನ ಕೊರಳಿಗೆ ಹಾರ ಹಾಕಿ, ಮೊದಲ ಕೊಡ ಅವಳ ಕೈಯಿಂದಲೇ ಸೇದಿಸಿದರು. ಹುಬ್ಬಳ್ಳಿಯಿಂದ ಬಂದಿದ್ದ ಫೋಟೊದವನು ಚಿತ್ರ ತೆಗೆದ. ನನ್ನ ಕಣ್ಣೂ ಒದ್ದೆಯಾಗಿತ್ತು. ಸಂಜೆ ಅದೇ ಬಾವಿಗೆ ಗೋಮೂತ್ರ ಚಿಮುಕಿಸಿ ಗಂಗಾಪೂಜೆ ಮಾಡಿದರು. ಕೇಳಿದರೆ, ಹೊಸ ಬಾವಿಗೆ ಪೂಜೆ ಮಾಡುವುದು ಪದ್ಧತಿ, ಅಂದೇ ಮುಹೂರ್ತ ಕೂಡಿ ಬಂತು ಎಂದರು.

ಮರುದಿನ ಮೂರು ಗಡಗಡಿಗಳಿಗೆ ಹಗ್ಗ ಇದ್ದವು. ಕೇರಿಯ ಕಡೆಗಿದ್ದ ನಾಲ್ಕನೆಯದು ಬರಿದಾಗಿತ್ತು.

"ಮೂರಕ್ಕ ಹಗ್ಗ ಹಾಕ್ಯಾರ್ರಿ ಸಾಹೇಬ್ರ, ನಾಲ್ಕನೇದ್ದು ಭಾಷಣಕ್ಕ ಇಟ್ಟಾರ" ಎಂದ ಹುಸೇನಸಾಬ, ಕರಣಿ ತೊಳೆಯುತ್ತ.

ದ್ಯಾಮವ್ವನ ಮಗ ಫಕ್ಕೀರಪ್ಪ ತನ್ನದೇ ಹಗ್ಗ ತಂದು ಒಂದು ಕೊಡ ಸೇದಿದ. ಯಾರೂ ಒಂದು ಮಾತು ಆಡಲಿಲ್ಲ, ಹೊಡೆಯಲಿಲ್ಲ. ಮರುದಿನದಿಂದ ಅವನನ್ನು ಯಾರೂ ಕೂಲಿಗೆ ಕರೆಯಲಿಲ್ಲ, ಅಷ್ಟೆ. ಆ ಸುಗ್ಗಿಗೆ ಮೊದಲೇ ಅವನು ಹುಬ್ಬಳ್ಳಿಗೆ ಹೊರಟುಹೋದ. ಕೇರಿಯಿಂದ ಮತ್ತೆ ಯಾರೂ ಹಗ್ಗ ತರಲಿಲ್ಲ.

ನಾನು ಗೌಡರ ಮನೆಗೆ ಹೋಗಿ ಕೇಳಿದೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ದುಃಖವೇ ಇತ್ತು. "ಯಾರು ಬ್ಯಾಡ ಅಂದಾರ್ರಿ? ಬಾವಿ ಎಲ್ಲಾರದು. ಅವರೇ ಬರವೊಲ್ಲರು. ಕೈ ಹಿಡದ ಎಳಕೊಂಡ ಬರಾಕ ಆಗತೈತೇನ್ರಿ?"

ಅವರ ತಲೆಯ ಮೇಲೆ ಗೋಡೆಯಲ್ಲಿ ದ್ಯಾಮವ್ವನ ಫೋಟೊ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು.

ನನ್ನ ಕಾಟಕ್ಕೆ ಬೇಸತ್ತು ಗೌಡರು ಒಂದು ಉಪಾಯ ತೆಗೆದರು. ಸ್ವಯಂಸೇವಕರು ಮುಂಜಾನೆ, ಸಂಜೆ ಬಾವಿಯ ಬಳಿ ನಿಂತು ಕೇರಿಯವರ ಕೊಡಗಳಿಗೆ ಮೇಲಿನಿಂದ ನೀರು ಹೊಯ್ಯುವುದು. ಅದಕ್ಕೆ 'ಜಲಸೇವೆ' ಎಂದು ಹೆಸರು. ಹೀಗೆ, ಮುಟ್ಟಗೊಡದಿರುವುದೇ ಸೇವೆಯಾಯಿತು! ಶಾಲೆಯ ಮಾಸ್ತರರು ಮಕ್ಕಳನ್ನು ಕರೆತಂದು ತೋರಿಸಿದರು. ನನ್ನ ಮೇಲಧಿಕಾರಿಗಳು ಬಂದು ನೋಡಿ, ಬಹಳ ವ್ಯವಹಾರಜ್ಞಾನದ ಏರ್ಪಾಡು ಎಂದು ಹೊಗಳಿದರು. ಒಬ್ಬರಿಗಾದರೂ ನಾಚಿಕೆಯಾಗಬಾರದೆ? ಎಲ್ಲರೂ ಒಳ್ಳೆಯವರಾಗಿ ಊಟಕ್ಕೆ ಹೋದರು.

ಬಿತ್ತನೆ ಶುರುವಾದೊಡನೆ ಸ್ವಯಂಸೇವಕರು ಹೊಲಕ್ಕೆ ಹೋದರು. ಹೆಂಗಸರು ಬರಿ ಕೊಡ ಇಟ್ಟುಕೊಂಡು ಕಟ್ಟೆಯ ಕೆಳಗೆ ಕಾದರು. ಅವರಿಗೂ ಹೊಲದ ಕೆಲಸವಿತ್ತು, ಎಷ್ಟೆಂದು ಕಾಯುತ್ತಾರೆ? ಮತ್ತೆ ಹೊಂಡಕ್ಕೆ ಇಳಿದರು. ಆಗ ಊರು ಹೇಳಿದ್ದು: ನೋಡಿರಿ, ಒಳ್ಳೆಯ ನೀರು ಕೊಟ್ಟರೂ ಈ ಮಂದಿಗೆ ಹೊಲಸು ನೀರೇ ಬೇಕು. ಆ ಮಾತು ಅರ್ಜಿಯಾಗಿ ಮೇಲೆ ಹೋಯಿತು. ಹೊಂಡವನ್ನು ಮುಚ್ಚಿ ಕೇರಿಯವರನ್ನು ರೋಗದಿಂದ ಕಾಪಾಡಬೇಕು, ಬೇರೆ ನೀರಿನ ಅನುಕೂಲ ಇದ್ದೇ ಇದೆ, ಎಂದು ನನಗೆ ಹುಕುಂ ಬಂತು. ಹೊಂಡ ಮುಚ್ಚಿದರೆ ಆ ಕೇರಿಗೆ ಮರುದಿನ ಕುಡಿಯಲು ಒಂದು ಹನಿ ನೀರಿಲ್ಲ. ಹುಕುಮಿನಲ್ಲಿ ಮಾತ್ರ ಎಲ್ಲವೂ ಅವರ ಹಿತಕ್ಕಾಗಿಯೇ ಇತ್ತು.

ಹುಸೇನಸಾಬನನ್ನು ಕರೆದುಕೊಂಡು ಕೇರಿಗೆ ಹೋದೆ. ದ್ಯಾಮವ್ವ ಮನೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಹಿಂದಿನ ವರ್ಷ ಕುಡಿದ ನೀರು ಈಗ ಕಣಕಾಲಿನಲ್ಲಿ ಹುಳುವಾಗಿ ಎದ್ದಿತ್ತು. ಕಡ್ಡಿಗೆ ಸುತ್ತಿ ಬಟ್ಟೆ ಕಟ್ಟಿಕೊಂಡಿದ್ದಳು. ಹುಕುಂ ಬಂದದ್ದನ್ನು ಹೇಳಿದೆ.

"ಮುಚ್ಚೂದಿದ್ರ ಮುಚ್ಚರಿ" ಎಂದಳು. "ನಾಳಿಗೆ ನನ್ನ ಮೊಮ್ಮಗಳಿಗೆ ಕುಡ್ಯಾಕ ಏನ ಕೊಡ್ಲಿ, ಅದನ್ನಷ್ಟ ಹೇಳಿ ಮುಚ್ಚರಿ."

ನಾನು ನನ್ನ ಪುಸ್ತಕದ ಜ್ಞಾನ ಬಿಚ್ಚಿದೆ. ಇಲಾಖೆಯ ನಿಯಮದಲ್ಲಿ ಎರಡು ದಾರಿ ಇವೆ: ಹೊಂಡವನ್ನು ಮುಚ್ಚಬಹುದು, ಇಲ್ಲವೆ ಮೆಟ್ಟಿಲು ತೆಗೆದು, ಕಟ್ಟೆ ಏರಿಸಿ, ಅದನ್ನೇ ಸೇದುವ ಬಾವಿ ಮಾಡಬಹುದು. ಎರಡನೆಯದಕ್ಕೆ ಬೇಕಾದ ಕಲ್ಲು ಊರ ಬಾವಿಯ ಕೆಲಸದಲ್ಲಿ ಉಳಿದಿದ್ದವು. ರೋಗವೇನೋ ನಿಲ್ಲುತ್ತದೆ, ಆದರೆ ನಾಳೆ ಗೌಡರು 'ಅವರದು ಅವರಿಗೆ ಐತಲ್ಲ' ಎನ್ನುತ್ತಾರೆ, ಊರ ಬಾವಿ ನಿಮ್ಮ ಕೈ ಬಿಟ್ಟುಹೋದೀತು ಎಂದು ನನ್ನ ಚಿಂತೆಯನ್ನೆಲ್ಲ ಅವಳ ಮುಂದೆ ಸುರಿದೆ.

"ನೀವು ಬಾಳ ಚಿಂತಿ ಮಾಡತೀರಿ ಸಾಹೇಬ್ರ" ಎಂದು ದ್ಯಾಮವ್ವ ನಕ್ಕಳು. "ಮೊದಲ ಕಾಲು ಉಳಸ್ರಿ. ಆ ಬಾವಿಗೆ ನಡಕೊಂಡ ಹೋಗೂದು ನಮಗ ಬಿಡ್ರಿ."

ಹುಸೇನಸಾಬ ಕೇರಿಯ ಗಂಡಸರನ್ನು ಕೂಡಿಸಿಕೊಂಡು ಮೆಟ್ಟಿಲು ಕಿತ್ತು ಕಟ್ಟೆ ಏರಿಸಿದ. ಗಡಗಡಿ ಒಂದನ್ನು ಬಂಕಾಪುರದಿಂದ ತಂದ, ಯಾರದೆಂದು ನಾನು ಕೇಳಲಿಲ್ಲ. ಮೇಲಧಿಕಾರಿಗಳು ಮುಖ ಕೆಂಪಗೆ ಮಾಡಿದರೂ ನಿಯಮ ನನ್ನ ಕಡೆಗಿತ್ತು. ಕೆಲವು ತಿಂಗಳಲ್ಲಿ ನನ್ನನ್ನು ಹಿರೇಕೆರೂರಿಗೆ ವರ್ಗ ಮಾಡಿದರು. ಅದು ಶಿಕ್ಷೆಯೋ ಕಾಕತಾಳೀಯವೋ ಎಂದು ಹಂಸಭಾವಿಯ ಹಾದಿಯಲ್ಲಿ ಸೈಕಲ್ ತುಳಿಯುತ್ತ ಬಹಳ ದಿನ ಚಿಂತಿಸಿದೆ. ಎರಡನೆಯ ಬೇಸಿಗೆಯ ಹೊತ್ತಿಗೆ ಆ ಕೇರಿಯಲ್ಲಿ ಹೊಸ ನಾರುಹುಣ್ಣು ಏಳಲಿಲ್ಲವೆಂದು ಹಾನಗಲ್ಲಿನಿಂದ ಸುದ್ದಿ ಬಂತು. ಗೌಡರು ಆ ಕಟ್ಟೆಯನ್ನೂ ತಮ್ಮ ಭಾಷಣಕ್ಕೆ ಸೇರಿಸಿಕೊಂಡ ಸುದ್ದಿಯೂ ಜೊತೆಗೇ ಬಂತು.

ಸ್ವಾತಂತ್ರ್ಯ ಬಂದ ವರ್ಷ, ದಸರೆಯ ಸುಮಾರಿಗೆ, ಆ ಊರಿನಲ್ಲಿ ಗೌಡರಿಗೆ ಸನ್ಮಾನ. ನನಗೂ ಕರೆ ಬಂದಿತ್ತು. ಚಾವಡಿಯ ಮುಂದೆ ಮಂಟಪ, ಅದರ ಹಿಂದೆಯೇ ಬಾವಿ. ಆ ಹಳೆಯ ಫೋಟೊವನ್ನು ದೊಡ್ಡದು ಮಾಡಿಸಿ ನಡುವೆ ಇಟ್ಟಿದ್ದರು. ಹುಬ್ಬಳ್ಳಿ, ಧಾರವಾಡದ ದೊಡ್ಡವರು ಅದನ್ನು ನೋಡಿ ತಲೆದೂಗಿದರು. ಈ ಊರಿನಲ್ಲಿ ಹತ್ತು ವರ್ಷದ ಹಿಂದೆಯೇ ಅಸ್ಪೃಶ್ಯತೆ ಹೋಯಿತೆಂದು ಮಾಸ್ತರರು ಸಾರಿದರು. ನನ್ನ ಕಣ್ಣು ಗಡಗಡಿಗಳ ಮೇಲಿತ್ತು. ಮೂರಕ್ಕೆ ಹಗ್ಗ.

ಫೋಟೊದಲ್ಲಿದ್ದ ತಾಯಿಯೇ ಬಂದು ಗೌಡರಿಗೆ ಹಾರ ಹಾಕುತ್ತಾಳೆ ಎಂದು ದ್ಯಾಮವ್ವನನ್ನು ಕರೆದರು. ಅವಳು ಬಂದಳು. ಸೊಂಟದ ಮೇಲೆ ಕೊಡ, ಹೆಗಲಿಗೆ ಹೊಸ ಹಗ್ಗ. ಹಗ್ಗ ಫಕ್ಕೀರಪ್ಪ ಹುಬ್ಬಳ್ಳಿಯಿಂದ ಕಳಿಸಿದ್ದು. ಅವನಿಗೆ ಅಲ್ಲಿ ಗಿರಣಿಯಲ್ಲಿ ಕೆಲಸವಾಗಿತ್ತು, ತಾಯಿ ಈಗ ಊರ ಕೂಲಿಯನ್ನು ನೆಚ್ಚಿರಲಿಲ್ಲ. ಹಾರದ ತಟ್ಟೆ ಹಿಡಿದವರನ್ನು ದಾಟಿ, ಮಂಟಪ ಬಳಸಿ, ನೇರವಾಗಿ ಬಾವಿಗೆ ಹೋಗಿ ನಾಲ್ಕನೆಯ ಗಡಗಡಿಗೆ ಹಗ್ಗ ಎಸೆದಳು. ತುಕ್ಕು ಹಿಡಿದ ಗಡಗಡಿ ಇಡೀ ಸಭೆಗೆ ಕೇಳುವಂತೆ ಕಿರುಗುಟ್ಟಿತು. ದೊಡ್ಡವರು, ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಚಪ್ಪಾಳೆ ತಟ್ಟಿದರು. ಹಾಗಾಗಿ ಊರವರೂ ತಟ್ಟಬೇಕಾಯಿತು. ಅವಳ ಹಿಂದೆ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಕೊಡ ತಂದರು. ತುಂಬಿದ ಮೇಲೆ ದ್ಯಾಮವ್ವ ಹಗ್ಗ ಬಿಚ್ಚಿಕೊಳ್ಳಲಿಲ್ಲ. ಅಲ್ಲಿಯೇ ಗಂಟು ಹಾಕಿ ಹೋದಳು.

ಊಟಕ್ಕೆ ಕೂತಾಗ ಗೌಡರು ನನ್ನ ಕಡೆ ಬಾಗಿದರು. ಅವರ ಮುಖದಲ್ಲಿ ಪೆಟ್ಟು ತಿಂದ ಗುರುತೇ ಇರಲಿಲ್ಲ. "ನೋಡಿದ್ರಿಲ್ರಿ? ಅವರು ತಾವಾಗೇ ಬರಬೇಕು ಅಂತ ನಾ ಇಷ್ಟ ವರ್ಷ ಕಾಯಾಕತ್ತಿದ್ದೆ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅಷ್ಟರಲ್ಲಾಗಲೇ ಅದನ್ನು ನಂಬಿಬಿಟ್ಟಿದ್ದರು.

ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ನಾನು ಊರೂರು ತಿರುಗಿ ಹೇಳಿದ್ದೇನೆ. ಜನ ನೀರನ್ನು ಸೋಸಲು ಬೇಸರಪಟ್ಟರು. ಆದರೆ ತಾವು ಮಾಡಿದ ಅನ್ಯಾಯವನ್ನು ಎಷ್ಟು ಪದರದಲ್ಲಿ ಬೇಕಾದರೂ ಸೋಸಿ, ತಿಳಿಯಾಗಿಸಿ ಕುಡಿಯುವುದನ್ನು ಅವರಿಗೆ ಯಾವ ಇಲಾಖೆಯೂ ಕಲಿಸಬೇಕಾಗಲಿಲ್ಲ. ಈಗ ನಾನು ಯಾವ ಊರಿಗೆ ಹೋದರೂ ಬಾವಿ ಎಲ್ಲರದೇ ಎಂದು ಯಾರನ್ನೂ ಕೇಳುವುದಿಲ್ಲ. ಕೇರಿಯ ಕಡೆಯ ಗಡಗಡಿಗೆ ಹಗ್ಗ ಇದೆಯೇ ನೋಡುತ್ತೇನೆ. ಇದ್ದರೆ, ಅದು ಹಸಿಯಾಗಿದೆಯೇ ಎಂದು ಮುಟ್ಟಿ ನೋಡುತ್ತೇನೆ.