ಮಂಜುಗಡ್ಡೆಯ ಮೇಲೆ ಮಂಕಿ ಕ್ಯಾಪು

ಈ ಪರದೇಶದ ಊರು ಮೆಟುಚೆನ್ನಿಗೆ ಮರಳುವ ರೈಲಿನಲ್ಲಿ ಇದನ್ನು ಗೀಚುತ್ತಿದ್ದೇನೆ. ಎದುರಿಗೆ ಕುಳಿತ ಧಾರವಾಡದ ರಾಘಣ್ಣನವರ ಕಿವಿಗೆ ಹೆಂಡತಿಯ ಶಾಲು ಸುತ್ತಿದೆ.

ಮಧ್ಯಾಹ್ನ ನನ್ನನ್ನು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಪಂದ್ಯ ನೋಡಲು ಕರೆದೊಯ್ದವರು ಅವರೇ. ಜೊತೆಗೆ ಹೆಂಡತಿ ಸುಮಿತ್ರಾಬಾಯಿ, ಮೊಮ್ಮಗಳು ತಾರಾ. ಪಂದ್ಯ ನಡೆದ ಊರಿನದು ಹುಡುಗಿಯರ ಹೊಸ ತಂಡ. ಹೋದ ವರ್ಷ ಎಲ್ಲರಿಗಿಂತ ಕೆಳಗಿತ್ತಂತೆ. ಇವತ್ತು ಗೆದ್ದರೆ ಮೊದಲ ಸಲ ಪ್ಲೇಆಫ್, ಅಂದರೆ ಕಪ್ಪಿಗಾಗಿ ಆಡುವ ಕೊನೆಯ ಸುತ್ತು.

ಆ ತಂಡದ ಒಬ್ಬ ಹುಡುಗಿ ತನ್ನ ಮೂರನೆಯ ಗೋಲು ಹೊಡೆದಳು ನೋಡಿ, ಜನರೆಲ್ಲ ತಲೆಯ ಮೇಲಿನ ಟೋಪಿ ಕಿತ್ತು ಮಂಜುಗಡ್ಡೆಯ ಮೇಲೆ ಎಸೆಯತೊಡಗಿದರು! ಒಬ್ಬರೇ ಮೂರು ಗೋಲು ಹೊಡೆದರೆ ಇಲ್ಲಿ ಅದೇ ಮರ್ಯಾದೆಯಂತೆ.

"ಅಜ್ಜಾ, ಥ್ರೋ ಇಟ್!" ತಾರಾ ಕುಣಿದಳು. ರಾಘಣ್ಣನವರ ಕೈ ಮಂಕಿ ಕ್ಯಾಪಿಗೆ ಹೋಯಿತು.

"ತಗದು ನೋಡ್ರಿ! ನಾಕು ತಿಂಗಳು ಕೂತು ಹೆಣದೀನಿ. ನಾಳೆ ಕಿವಿ ನೋವು ಅಂತ ನನ್ನ ಮುಂದ ಬರಬ್ಯಾಡ್ರಿ," ಎಂದು ಸುಮಿತ್ರಾಬಾಯಿ ಗದರಿದರು. ರಾಘಣ್ಣ ಪೆಚ್ಚಾಗಿ ಕೈ ಇಳಿಸಿದರು.

ಕೆಳಗೆ ಟೋಪಿಗಳ ನಡುವೆ ನಿಂತ ಆ ಹುಡುಗಿ ಕೈಗವಸಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಸುಮಿತ್ರಾಬಾಯಿ ಅದನ್ನೇ ನೋಡಿದರು. ಆಮೇಲೆ ಗಂಡನ ತಲೆಯಿಂದ ಕ್ಯಾಪನ್ನು ತಾವೇ ಎಳೆದು, ಬೀಸಿ ಒಗೆದರು.

ತಂಡ ಗೆದ್ದಿತು. ಈಗ ರೈಲಿನಲ್ಲಿ ಸುಮಿತ್ರಾಬಾಯಿ ಮೊಮ್ಮಗಳನ್ನು ಕೇಳುತ್ತಿದ್ದಾರೆ: "ಪ್ಲೇಆಫ್ ಯಾವಾಗ ಅದ ನೋಡವಾ. ಉಲನ್ ತರಬೇಕು."