ಬಾದಾಮಿ ಮರದ ಕೆಳಗಿನ ಮಣೆ

ಗೋವಾದ ಕಡಲತೀರದಲ್ಲಿ ಮಣಿಸರ ಮಾರುವವರಿಗೆ ನೆರಳಿನ ಜಾಗವೇ ಸಿಂಹಾಸನ. ನಾವು ಮಾರುವ ಕಡೆ, ಮರಳಿಗೆ ಇಳಿಯುವ ಮೆಟ್ಟಿಲ ಪಕ್ಕ ಒಂದು ಬಾದಾಮಿ ಮರವಿದೆ. ಅದರ ಕೆಳಗೆ ನನ್ನ ದೊಡ್ಡವ್ವನ ಅತ್ತೆ ಮೂವತ್ತು ವರ್ಷ, ಸಾಯುವವರೆಗೂ ಕೂತಿದ್ದಳು. ಆಮೇಲೆ ದೊಡ್ಡವ್ವ. ಅತ್ತೆಗಿಂತ ಒಂದು ವರ್ಷವಾದರೂ ಹೆಚ್ಚು ಕೂರಬೇಕೆಂಬುದು ಆಕೆಯ ಹಟ.

ನಾನು ಹೆಗಲಿಗೆ ಗಂಟು ಹಾಕಿಕೊಂಡು ಸುಡುವ ಮರಳಿನಲ್ಲಿ ತಿರುಗಿ ಮಾರುತ್ತಿದ್ದೆ. ಆ ಜಾಗ ನನಗೆ ಬೇಕಿತ್ತು. ದೊಡ್ಡವ್ವನಿಗೆ ಮೊಣಕಾಲು ನೋವು. ಎದ್ದು ಕೊರಳಿಗೆ ಸರ ಹಿಡಿದು ತೋರಿಸಲು ಆಕೆಗೆ ಆಗದೆ, ಬಂದ ಗಿರಾಕಿಗಳು ಹಾಗೇ ಹೋಗುತ್ತಿದ್ದರು. ಆದರೂ ನಾನು ಬಾಯಿಬಿಟ್ಟು ಕೇಳಲಿಲ್ಲ. ಬೇಕು ಎಂದು ತೋರಿಸಿಕೊಂಡರೆ ದರ ಏರುತ್ತದೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರು ಇದೊಂದು ನೆನಪಿಟ್ಟುಕೊಳ್ಳಿ.

ಒಂದು ಮಧ್ಯಾಹ್ನ ನಾನು ಗಂಟು ಇಳಿಸಿ ಮರದ ನೆರಳಿಗೆ ಬಂದಿದ್ದಾಗ, ಧಾರವಾಡ ಕಡೆಯ ನಿವೃತ್ತ ಮಾಸ್ತರರೊಬ್ಬರು ಹೆಂಡತಿಗೆ ಸರ ಆರಿಸುತ್ತ ದೊಡ್ಡವ್ವನನ್ನು ಮಾತಿಗೆಳೆದರು.

"ಎಷ್ಟ್ ವರ್ಷ ಆತ್ರಿ ಇಲ್ಲೆ ಕುಂತು?"

"ಇಪ್ಪತ್ತೊಂಬತ್ತರಿ. ಇನ್ನೆರಡು ಕುಂತ್ರ ನಮ್ಮತ್ತಿನ್ನ ದಾಟ್ತೇನಿ."

ಮಾಸ್ತರರು ನಕ್ಕರು. "ಚೀನಾದಾಗ ಚಿಂಗ್ ಅಂತ ರಾಜಮನೆತನ ಇತ್ತರಿ. ಅದರಾಗ ಒಬ್ಬ ಚಕ್ರವರ್ತಿ ಅರವತ್ತೊಂದು ವರ್ಷ ಆಳಿದ. ಅವನ ಮೊಮ್ಮಗ ಅರವತ್ತು ಮುಗಿಸಿದ. ಇನ್ನೂ ಗಟ್ಟಿ ಇದ್ದ. ಆದ್ರ ಅಜ್ಜನ ಲೆಕ್ಕ ದಾಟಬಾರ್ದು ಅಂತ ತಾನ ಪಟ್ಟ ಬಿಟ್ಟು ಮಗನ್ನ ಕುಂದ್ರಿಸಿದ."

ಅರವತ್ತು ವರ್ಷ! ಒಂದು ಸೀಸನ್ ಜಾಗ ಕಾಯ್ದುಕೊಳ್ಳಲು ನಾವು ಎಷ್ಟು ಜನರೊಡನೆ ಬಾಯಿ ಮಾಡಬೇಕು. ಅಷ್ಟು ಕಾಲ ಕೂತದ್ದು ಒಂದು ಗಟ್ಟಿತನವಾದರೆ, ಯಾರೂ ಏಳು ಎನ್ನದೆ ಎದ್ದದ್ದು ಅದಕ್ಕಿಂತ ದೊಡ್ಡದು ಅನ್ನಿಸಿತು.

"ಎಂಥಾ ದೊಡ್ಡ ಮನಸ್ಸಲ್ಲರಿ!" ಎಂದೆ, ದೊಡ್ಡವ್ವನ ಕಡೆ ನೋಡದೆ.

"ನಿನ್ನ ಕಣ್ಣು ಎಲ್ಲೈತಿ ಅಂತ ನಂಗ ಗೊತ್ತೈತಿ, ಸುಮ್ಕಿರು," ಎಂದು ನನ್ನನ್ನು ಗದರಿ, ಆಕೆ ಮಾಸ್ತರರತ್ತ ತಿರುಗಿದಳು. "ಬಿಟ್ಟ ಮ್ಯಾಲ ಮೂಲಿ ಹಿಡದ್ನೇನ್ರಿ?"

"ಎಲ್ಲಿ ಹಿಡೀತಾನ್ರಿ! ಪಟ್ಟ ಮಗಂದು, ಹುಕುಂ ಇವಂದ. ಸಾಯೋತನಕ ಇವನ ಮಾತ ನಡೀತು."

ದೊಡ್ಡವ್ವನ ಮುಖ ಅರಳಿತು. "ಹಂಗ ಹೇಳ್ರಿ ಮತ್ತ! ಭಾಳ ಶಾಣ್ಯಾ ಇದ್ದ." ಅಷ್ಟು ಖುಷಿಯಲ್ಲೂ ಸರದ ದರದಲ್ಲಿ ಒಂದು ರೂಪಾಯಿ ಇಳಿಸಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಆಕೆಯ ಮಣೆ ಹಿಂದೆ ಸರಿದು ಮರದ ಬೊಡ್ಡೆಗೆ ಆನಿಕೊಂಡಿತ್ತು. ಮುಂದಿನ ಜಾಗ ಗುಡಿಸಿ ಚೊಕ್ಕವಾಗಿತ್ತು.

"ಕುಂದ್ರು. ಅತ್ತಿ ಲೆಕ್ಕ ಅತ್ತಿಗೇ ಇರ್ಲಿ. ದರ ಮಾತ್ರ ನಾ ಹೇಳಾಕಿ."

ನಾನು ಚೌಕಾಸಿ ಮಾಡಲಿಲ್ಲ. ದೇಶವಿದೇಶದ ಗಿರಾಕಿಗಳೊಡನೆ ಜಗ್ಗಾಡಿದವಳು ನಾನು, ಆದರೆ ಜಾಗ ಬಿಟ್ಟುಕೊಟ್ಟೂ ಅಂಗಡಿ ಉಳಿಸಿಕೊಂಡವರನ್ನು ಕಂಡದ್ದು ಅದೇ ಮೊದಲು. ಹಿರಿಯರ ಜಾಗಕ್ಕೆ ಬರುವವರು ಹಿಂದೆ ಅವರ ಮಣೆಗೆ ನೆರಳು ಬಿಟ್ಟೇ ಕೂರಿ, ನಷ್ಟವಿಲ್ಲ.

ಮೊದಲ ಗಿರಾಕಿ ಹಸಿರು ಮಣಿಯ ಸರ ಎತ್ತಿಕೊಂಡು ಎಷ್ಟು ಎಂದಳು. ನಾನು ಬಾಯಿ ತೆರೆದೆ. ಬೆನ್ನ ಹಿಂದೆ ದೊಡ್ಡವ್ವ ಕೆಮ್ಮಿದಳು. ನೂರು ರೂಪಾಯಿ ಏರಿಸಿ ಹೇಳಿದೆ.