ವಾಪಸ್ ಸುರಿಯುವ ಸುಧಾ

ಮಂಡಿಪೇಟೆಯ ಬಕ್ಕೇಶಪ್ಪನವರ ಮಂಡಕ್ಕಿ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ಮಂಡಕ್ಕಿ ಅಳೆಯುವವಳು ಸುಧಾ. ಮೊದಲ ಸೇರಿಗೆ ಅವಳು ಒಂದು ಅನ್ನುವುದಿಲ್ಲ. ಹಳೇ ಅಂಗಡಿಗಳ ರೂಢಿಯಂತೆ ‘ಲಾಭ’ ಅನ್ನುತ್ತಾಳೆ. ಆಮೇಲೆ ಎರಡು, ಮೂರು. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿತೋ, ಮುಗಿಯಿತು. ಬೇರೆಯವರಾದರೆ ಅಂದಾಜಿನ ಮೇಲೆ ಮುಂದುವರಿಸಿಬಿಡುತ್ತಾರೆ. ಸುಧಾ ಮಾತ್ರ ಇಡೀ ಚೀಲವನ್ನು ರಾಶಿಗೆ ವಾಪಸ್ ಸುರಿದು ಮತ್ತೆ ಲಾಭದಿಂದ ಶುರು ಮಾಡುತ್ತಾಳೆ. ನಲವತ್ತನೇ ಸೇರಿಗೆ ತಪ್ಪಿದರೂ ಅಷ್ಟೇ. ಬಸ್ಸಿಗೆ ಹೊತ್ತಾಯಿತೆಂದು ಗಿರಾಕಿ ಕುಣಿದಾಡಿದರೂ ಅವಳಿಗೆ ಕೇಳಿಸುವುದಿಲ್ಲ. ಬಕ್ಕೇಶಪ್ಪನವರು ಮೊದಮೊದಲು ಗೊಣಗಿದರು. ಅವಳು ಅಳೆದ ಚೀಲವನ್ನು ಊರಲ್ಲಿ ಯಾರೂ ಮತ್ತೆ ಅಳೆದು ನೋಡುವುದಿಲ್ಲವೆಂದು ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡರು.

ಈ ಹಟ ಮಗಳು ಆಶಾರಾಣಿಗೂ ಬಂದಿತ್ತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಮಂಡಕ್ಕಿ ರಾಶಿಯ ಪಕ್ಕ ಕೂತು ಲೆಕ್ಕ ಮಾಡುತ್ತ ಬೆಳೆದ ಹುಡುಗಿ ಅವಳು. ಐದನೇ ಕ್ಲಾಸಿಗೆ ಬರುವಷ್ಟರಲ್ಲಿ ಅವಳ ಲೆಕ್ಕದ ಮುಂದೆ ದೊಡ್ಡವರೇ ತಡವರಿಸುತ್ತಿದ್ದರು. ಹರಿಹರದ ಒಂದು ಶಾಲೆಯಲ್ಲಿ ಜಾಣ ಮಕ್ಕಳಿಗೆಂದೇ ಆರನೇ ಕ್ಲಾಸಿನಿಂದ ಬೇರೆ ತರಗತಿ ಇದೆ, ಪುಸ್ತಕ, ಊಟ, ಬಸ್ಸು ಎಲ್ಲ ಶಾಲೆಯವರದೇ ಎಂದು ಅವಳ ಮೇಷ್ಟರು ಮಾಲತೇಶ್ ಹೇಳಿದರು. ತಾವೇ ಅರ್ಜಿ ತುಂಬಿ ಪರೀಕ್ಷೆಗೂ ಕೂರಿಸಿದರು. ಸುಧಾಗೆ ಆ ಸೀಟು ಬೇಕೇಬೇಕಾಗಿತ್ತು. ತವರೂರು ಲೋಕಿಕೆರೆಯಲ್ಲಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಅವಳು. ಮಗಳ ಕೈಗೆ ಸೇರು ಬರಬಾರದು, ಅಷ್ಟೇ ಅವಳ ಆಸೆ.

ಫಲಿತಾಂಶ ಬಂತು. ಬುದ್ಧಿಶಕ್ತಿಯ ಪ್ರಶ್ನೆಗಳಲ್ಲಿ ನಲವತ್ತಕ್ಕೆ ಮೂವತ್ತೊಂಬತ್ತು, ಗಣಿತದಲ್ಲಿ ಇಪ್ಪತ್ತಕ್ಕೆ ಹದಿನೆಂಟು. ಕನ್ನಡದಲ್ಲಿ ಮಾತ್ರ ಇಪ್ಪತ್ತಕ್ಕೆ ಆರು. ಒಟ್ಟು ಅಂಕ ಎಷ್ಟೇ ಇರಲಿ, ಕನ್ನಡದಲ್ಲಿ ಎಂಟಾದರೂ ಬರಲೇಬೇಕೆಂಬುದು ನಿಯಮ. ಆಶಾರಾಣಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ದಿನವಿಡೀ ಪಟಪಟ ಮಾತಾಡುವ ಹುಡುಗಿಗೆ ಕನ್ನಡದಲ್ಲೇ ಆರಾ ಎಂದು ಕೇರಿಯವರು ನಕ್ಕರು. ಹುಡುಗಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಒಂದೇ ವಿಷಯದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಹದಿನೈದು ದಿನ ಬಿಟ್ಟು ಅದನ್ನು ಇನ್ನೊಮ್ಮೆ ಬರೆಯುವ ಅವಕಾಶವನ್ನು ಶಾಲೆಯವರು ಕೊಟ್ಟಿದ್ದರು. ಮಾಲತೇಶ್ ಉತ್ತರ ಹಾಳೆಯ ಪ್ರತಿ ಹಿಡಿದು ಅಂಗಡಿಗೇ ಬಂದರು. ದಿನಾ ಓದಿಸಬೇಕು, ವ್ಯಾಕರಣ ಕಲಿಸಬೇಕು ಎಂದು ಅವರು ಹೇಳುತ್ತಿದ್ದರೆ, ಸುಧಾ ಹಾಳೆಯ ಮೇಲೆ ಬೆರಳಿಟ್ಟು ಮಗಳು ಉತ್ತರವೆಂದು ಕಪ್ಪು ಮಾಡಿದ್ದ ಸೊನ್ನೆಗಳನ್ನು ಎಣಿಸುತ್ತಿದ್ದಳು, ಲಾಭದಿಂದಲೇ. ಆರೇ ಇದ್ದವು.

"ಈ ಆರ್ರಾಗೆ ತಪ್ಪು ಎಷ್ಟು ಅದಾವ್ರಿ, ಸಾರ್?"

ಮಾಲತೇಶ್ ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಒಂದೂ ತಪ್ಪಿರಲಿಲ್ಲ. ಉಳಿದ ಹದಿನಾಲ್ಕನ್ನು ಹುಡುಗಿ ಮುಟ್ಟೇ ಇರಲಿಲ್ಲ.

ಕರೆದು ಕೇಳಿದರು. ಲೆಕ್ಕದಲ್ಲಿ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಕನ್ನಡದಲ್ಲಿ ಒಂದು ಪದ ಅನುಮಾನ ಹುಟ್ಟಿಸಿದರೆ ಇಡೀ ಗದ್ಯವನ್ನು ಮೊದಲಿನಿಂದ ಓದುತ್ತಿದ್ದಳಂತೆ. ಮತ್ತೆ ಅನುಮಾನ ಬಂದರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಗಂಟೆ ಬಾರಿಸಿತ್ತು.

"ನೀನೇ ಹೇಳಿದ್ದಲ್ಲೇನವ್ವ," ಎಂದಳು, "ಅನುಮಾನ ಬಂದ್ರೆ ವಾಪಸ್ ಸುರೀಬೇಕು ಅಂತ."

ಹದಿನೆಂಟು ವರ್ಷ ಯಾವ ಗುಣಕ್ಕೆ ಊರು ಸುಧಾಳನ್ನು ಹೊಗಳಿತ್ತೋ ಅದೇ ಮಗಳ ದಾರಿಗೆ ಅಡ್ಡ ಬಂದಿತ್ತು. ಬೈಯಬೇಕೆಂದರೆ ತನ್ನನ್ನೇ ಬೈದುಕೊಳ್ಳಬೇಕು.

ಅಂದಿನಿಂದ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಮಗಳನ್ನು ಓದಲು ಕೂರಿಸಿದಳು. ಹುಡುಗಿ ಓದಿದ ಸಾಲನ್ನು ಸುಧಾ ತನ್ನ ಸೆರಗಿನಿಂದ ಮುಚ್ಚುತ್ತ ಹೋಗುತ್ತಿದ್ದಳು. ಹುಡುಗಿಯ ಕಣ್ಣು ಹಿಂದಕ್ಕೆ ಓಡಿದರೆ ಅಲ್ಲಿ ಸೆರಗು ಮಾತ್ರ ಇರುತ್ತಿತ್ತು. ಮುಂದಕ್ಕೆ ನಡಿ ಎನ್ನುವ ಮಾತು ಸುಧಾಳ ಬಾಯಿಗೆ ಬರುತ್ತಲೇ ಇರಲಿಲ್ಲ. ಸುಳ್ಳು ಹೇಳಿದಂತೆ ನಾಲಿಗೆ ತಡೆಯುತ್ತಿತ್ತು. ಆದರೂ ಹೇಳಿದಳು. ಒಂದು ದಿನ ಹುಡುಗಿ ಅಳುತ್ತ ಸೆರಗನ್ನು ಎಳೆದು ಸರಿಸಿದಳು.

"ತಪ್ಪಾದ್ರೆ ಹೆಂಗವ್ವ?"

"ತಪ್ಪಾದ್ರೆ ಆಗ್ಲಿ ಬಿಡು, ನನ್ನವ್ವ. ನಾನಿಲ್ಲೇನು?"

ಪರೀಕ್ಷೆಯ ದಿನ ಸುಧಾ ಹರಿಹರದ ಶಾಲೆಯ ಗೇಟಿನ ಹೊರಗೆ ಬಿಸಿಲಲ್ಲೇ ನಿಂತಿದ್ದಳು. ಆಶಾರಾಣಿ ಬಿಳಿಚಿಕೊಂಡು ಹೊರಬಂದಳು. ಇಪ್ಪತ್ತಕ್ಕೆ ಇಪ್ಪತ್ತೂ ಬರೆದಿದ್ದಳು, ಎಷ್ಟು ಸರಿಯೋ ದೇವರಿಗೇ ಗೊತ್ತು.

ವಾರದ ಮೇಲೆ, ಕಡರನಾಯಕನಹಳ್ಳಿಯ ಗಿರಾಕಿಯೊಬ್ಬರಿಗೆ ಅಳೆಯುತ್ತಿದ್ದಾಗ ಮಾಲತೇಶ್ ಫೋನ್ ಮಾಡಿದರು. ಕನ್ನಡದಲ್ಲಿ ಹದಿಮೂರು, ಸೀಟು ಸಿಕ್ಕಿದೆ ಎಂದರು. ಸುಧಾ ತಪ್ಪು ಎಷ್ಟೆಂದು ಕೇಳಿದಳು. ಏಳು ಎಂದರು.

"ಏಳು ತಪ್ಪಂತೆ, ಸಾವ್ಕಾರ್ರೆ," ಎಂದು ಸುಧಾ ಅಂಗಡಿಗೆಲ್ಲ ಕೇಳುವಂತೆ ಹೇಳಿದಳು. ಮಗಳು ತಪ್ಪು ಮಾಡಿದ್ದಕ್ಕೆ ಇಷ್ಟು ಹಿಗ್ಗಿದ ತಾಯಿಯನ್ನು ಬಕ್ಕೇಶಪ್ಪನವರು ಕಂಡಿರಲಿಲ್ಲ.

ಎಣಿಕೆ ಎಲ್ಲಿಗೆ ನಿಂತಿತ್ತೋ ಅವಳಿಗೆ ನೆನಪಿರಲಿಲ್ಲ. ಇನ್ನೇನು ಚೀಲ ಬೋರಲು ಬೀಳುತ್ತದೆ ಎಂದುಕೊಂಡು ಗಿರಾಕಿ ಗಡಿಯಾರ ನೋಡಿದರು, ಬಕ್ಕೇಶಪ್ಪನವರು ನಿಟ್ಟುಸಿರು ಬಿಟ್ಟರು. ಸುಧಾ ಸ್ವಲ್ಪ ಹೊತ್ತು ಚೀಲವನ್ನೇ ನೋಡಿದಳು. ಆಮೇಲೆ ಮತ್ತೆರಡು ಸೇರು ತುಂಬಿ ತುಂಬಿ ಹಾಕಿ, ಬಾಯಿ ಕಟ್ಟಿ ಮುಂದಕ್ಕೆ ನೂಕಿದಳು.

"ಎಷ್ಟಾತಮ್ಮ?" ಎಂದರು ಗಿರಾಕಿ.

"ಗೊತ್ತಿಲ್ಲಣ್ಣ," ಎಂದಳು ಸುಧಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ. "ಜಾಸ್ತಿನೇ ಐತೆ, ನಡೀರಿ."